ಗ್ರಾಮ ಪಂಚಾಯಿತಿ ಹಂತದ ಆಪ್ಟಿಕಲ್ ಫೈಬರ್ ಸಂಪರ್ಕ: ಈಥರ್ನೆಟ್ ಸೇವೆಗಳನ್ನು ಸಾಗಿಸುವ ಜಾಲ ವಿನ್ಯಾಸಗಳ ತುಲನಾತ್ಮಕ ವಿಶ್ಲೇಷಣೆ

ಕೇಂದ್ರ ಸಚಿವ ಸಂಪುಟವು ದಿನಾಂಕ 04-08-2023ರಂದು ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಅನುಮೋದನೆ ನೀಡಿರುತ್ತದೆ. ರೂ. 1,39,579 ಕೋಟಿ ವೆಚ್ಚದ ಸದರಿ ಕಾರ್ಯಕ್ರಮದಡಿ ದೇಶದ 2.64 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ವರ್ತುಲ ಮಾದರಿಯಲ್ಲಿ ಆಪ್ಟಿಕಲ್ ಫೈಬರ್ ಸಂಪರ್ಕ ಕಲ್ಪಿಸುವುದು, ಪಂಚಾಯಿತಿ ಕೇಂದ್ರಗಳಲ್ಲದ ಸುಮಾರು 3.8 ಲಕ್ಷ ಗ್ರಾಮಗಳಿಗೆ ಬೇಡಿಕೆಯ ಮೇರೆಗೆ ಸಂಪರ್ಕ ನೀಡುವುದು ಹಾಗೂ ಹತ್ತು ವರ್ಷಗಳ ಕಾಲ ಜಾಲದ ನಿರ್ವಹಣೆ ಮಾಡುವುದು ಸೇರಿರುತ್ತದೆ. ಹಿಂದಿನ ಹಂತಗಳಲ್ಲಿ ಕೇಬಲ್ ಎಷ್ಟು ಕಿಲೋಮೀಟರ್ ಹಾಕಲಾಯಿತು ಎಂಬುದೇ ಚರ್ಚೆಯ ಮುಖ್ಯ ವಿಷಯವಾಗಿತ್ತು. ಈ ಬಾರಿ ಬದಲಾಗಿರುವುದು ಉದ್ದವಷ್ಟೇ ಅಲ್ಲ, ಜಾಲದ ವಿನ್ಯಾಸವೇ ಬದಲಾಗಿದೆ.

ಈ ಬದಲಾವಣೆಯು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಪಿಂಚಣಿ, ಜನನ ಮರಣ ನೋಂದಣಿ ಮುಂತಾದ ಸೇವೆಗಳಿಗಾಗಿ ನಾಡಕಚೇರಿಗೋ ಗ್ರಾಮ ಒನ್ ಕೇಂದ್ರಕ್ಕೋ ತೆರಳುವ ಅರ್ಜಿದಾರರು "ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಎಂಬ ಉತ್ತರವನ್ನು ಕೇಳದೇ ಇರುವುದು ಅಪರೂಪ. ಹಾಗೆ ಹೇಳಿದಾಗಲೆಲ್ಲ ಕೆಟ್ಟಿರುವುದು ಬೆಂಗಳೂರಿನ ದತ್ತಾಂಶ ಕೇಂದ್ರದ ಸರ್ವರ್ ಎಂದೇನೂ ಅಲ್ಲ. ಸರ್ವರ್ ಸುಸ್ಥಿತಿಯಲ್ಲಿದ್ದು, ಅದನ್ನು ತಲುಪುವ ಮಾರ್ಗ ಮಾತ್ರ ಎಲ್ಲೋ ಕಡಿದುಹೋಗಿರಬಹುದು. ಮಾರ್ಗ ಎಲ್ಲಿ ಕಡಿಯುತ್ತದೆ, ಕಡಿದಾಗ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಜಾಲದ ವಿನ್ಯಾಸ.

ಇದಕ್ಕೆ ಕಾನೂನಿನ ಮಗ್ಗುಲೂ ಒಂದಿದೆ. 2011ರ ಸಕಾಲ ಸೇವೆಗಳ ಅಧಿನಿಯಮದಡಿ, ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು ಅರ್ಜಿದಾರರಿಗೆ ಹಕ್ಕಿದೆ. ಆ ಅವಧಿಯ ಎಣಿಕೆ ಪ್ರಾರಂಭವಾಗುವುದು ಅರ್ಜಿ ಸ್ವೀಕೃತವಾಗಿ, 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯುಳ್ಳ ಸ್ವೀಕೃತಿ ದೊರೆತ ನಂತರ. ಸಂಪರ್ಕವಿಲ್ಲದ ಕಾರಣ ಅರ್ಜಿಯನ್ನೇ ದಾಖಲಿಸಲಾಗದಿದ್ದಲ್ಲಿ ಎಣಿಕೆಯೂ ಪ್ರಾರಂಭವಾಗುವುದಿಲ್ಲ. ಅಂದರೆ ಸಂಪರ್ಕ ಕಡಿತದಿಂದ ಕಳೆದುಹೋಗುವ ದಿನಗಳು ಯಾವ ವಿಳಂಬದ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕೂಲಿ ಬಿಟ್ಟು ಎರಡು ಬಾರಿ ಬಸ್ಸು ಹತ್ತಿ ಬಂದವರ ನಷ್ಟವನ್ನು ಯಾವ ದಾಖಲೆಯೂ ಹಿಡಿದಿಡುವುದಿಲ್ಲ. ಆದ್ದರಿಂದ ಜಾಲ ವಿನ್ಯಾಸದ ವಿಷಯವನ್ನು ಅರ್ಜಿದಾರರು ತಿಳಿದಿರುವುದು ಸೂಕ್ತ.

ಈಥರ್ನೆಟ್ ಮತ್ತು ಸಾಗಣೆ ಜಾಲ

ಕಚೇರಿಯ ಗಣಕಯಂತ್ರದಿಂದ ಹೊರಡುವ ಮಾಹಿತಿಯು ಈಥರ್ನೆಟ್ ಎಂಬ ಪದ್ಧತಿಯಲ್ಲಿ ಸಣ್ಣ ಸಣ್ಣ ಕಂತೆಗಳಾಗಿ ಸಾಗುತ್ತದೆ. ಇದನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರು ರೂಪಿಸಿದರು. ಒಂದು ಕಂತೆಯು ಸಾಮಾನ್ಯವಾಗಿ ಕನಿಷ್ಠ 64ರಿಂದ ಗರಿಷ್ಠ 1518 ಬೈಟ್‌ಗಳಷ್ಟಿರುತ್ತದೆ. ಅರ್ಜಿಯೊಂದಿಗೆ ಲಗತ್ತಿಸುವ ದಾಖಲೆಗಳ ಸ್ಕ್ಯಾನ್ ಪ್ರತಿಗಳು ಒಟ್ಟು ಒಂದು ಮೆಗಾಬೈಟ್ ಇದ್ದಲ್ಲಿ ಅವು ಸುಮಾರು 700 ಕಂತೆಗಳಾಗಿ ಒಡೆದು ಸಾಗಿ, ಇನ್ನೊಂದು ತುದಿಯಲ್ಲಿ ಮತ್ತೆ ಒಂದಾಗುತ್ತವೆ.

ಈಥರ್ನೆಟ್ ಮೂಲತಃ ಒಂದೇ ಕಟ್ಟಡದೊಳಗಿನ ಯಂತ್ರಗಳಿಗಾಗಿ ಹುಟ್ಟಿದ್ದು. ಊರಿಂದೂರಿಗೆ ಹಾಕಲಾದ ಆಪ್ಟಿಕಲ್ ಸಾಗಣೆ ಜಾಲವಾದರೋ ದೂರವಾಣಿ ಸಂಭಾಷಣೆಗಾಗಿ ರೂಪುಗೊಂಡಿತು. ಎರಡರ ಸ್ವಭಾವವೂ ಬೇರೆ. ದೂರವಾಣಿ ಕರೆಗೆ ಮಾತು ಇರಲಿ ಮೌನವಿರಲಿ ನಿಗದಿತ ಸಾಮರ್ಥ್ಯವನ್ನು ಕಾಯ್ದಿರಿಸಬೇಕು. ಗಣಕಯಂತ್ರದ ಮಾಹಿತಿಯು ಹಾಗಲ್ಲ. ಹತ್ತು ನಿಮಿಷ ಏನೂ ಇರುವುದಿಲ್ಲ, ಮರುಕ್ಷಣ ಪ್ರವಾಹದಂತೆ ಬರುತ್ತದೆ. ಮೊದಲನೆಯದು ಮದುವೆ ದಿಬ್ಬಣಕ್ಕೆಂದು ಗೊತ್ತು ಮಾಡಿದ ಬಸ್ಸು, ಆಸನ ಖಾಲಿಯಿದ್ದರೂ ಬೇರೆಯವರು ಹತ್ತುವಂತಿಲ್ಲ. ಎರಡನೆಯದು ಸಂತೆಯ ದಿನದ ಬಸ್ಸು. ಈ ಎರಡನೆಯ ಬಗೆಯ ದಟ್ಟಣೆಯನ್ನು ಮೊದಲನೆಯ ಬಗೆಯ ಜಾಲದ ಮೇಲೆ ಹೇಗೆ ಸಾಗಿಸಬೇಕು ಎಂಬ ಪ್ರಶ್ನೆಗೆ ಕಳೆದ ಎರಡೂವರೆ ದಶಕಗಳಲ್ಲಿ ಹಲವು ಉತ್ತರಗಳು ಬಂದಿವೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅವಶ್ಯ. ದೂರದ ಜಿಲ್ಲೆಯಾದ್ದರಿಂದ ಜಾಲತಾಣ ನಿಧಾನವಾಗಿ ತೆರೆಯುತ್ತದೆ ಎಂಬ ಮಾತು ರೂಢಿಯಲ್ಲಿದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಎಂದು ಲೆಕ್ಕ ಹಿಡಿದರೂ ಬೆಳಕಿಗೆ ಬೇಕಾಗುವುದು ಮೂರೂವರೆ ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲಿ ಮೂರೂವರೆ ಭಾಗ. ಬೀದರ್ ದೂರದಲ್ಲಿದೆ ಎಂಬ ಕಾರಣಕ್ಕೆ ಯಾವ ಅರ್ಜಿಯೂ ತಡವಾಗುವುದಿಲ್ಲ. ತಡವಾಗುವುದು ನಡುವಿನ ಉಪಕರಣಗಳಲ್ಲಿ ಸರದಿ ಕಾಯುವುದರಿಂದ, ಅಥವಾ ಮಾರ್ಗವೇ ಇಲ್ಲದಿರುವುದರಿಂದ.

ಕಾಯ್ದಿರಿಸಿದ ಮಾರ್ಗ: ಎಸ್.ಡಿ.ಎಚ್.

ಮಾರ್ಚ್ 2005ರಲ್ಲಿ ಕೇಂದ್ರ ಸರ್ಕಾರವು ರೂ. 3,334 ಕೋಟಿ ವೆಚ್ಚದ ರಾಜ್ಯ ವ್ಯಾಪಕ ಜಾಲ ಯೋಜನೆಗೆ ಅನುಮೋದನೆ ನೀಡಿದಾಗ ರಾಜ್ಯ ಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕವಿರಬೇಕೆಂದು ನಿಗದಿಪಡಿಸಲಾಗಿತ್ತು. ಎರಡೇ ಏಕೆ ಎಂಬ ಪ್ರಶ್ನೆ ಸಹಜ. ದೂರವಾಣಿ ಜಾಲದ ಮೂಲ ಅಳತೆಗೋಲು 2.048 ಮೆಗಾಬಿಟ್‌ನ ಇ-1 ಮಾರ್ಗ. ಎಸ್.ಡಿ.ಎಚ್. ಎಂಬ ಆಪ್ಟಿಕಲ್ ಸಾಗಣೆ ಪದ್ಧತಿಯ 155.52 ಮೆಗಾಬಿಟ್‌ನ ಮೊದಲ ಹಂತದಲ್ಲಿ ಇಂತಹ 63 ಮಾರ್ಗಗಳು ಹಿಡಿಸುತ್ತವೆ. ಗುತ್ತಿಗೆಗೆ ಸುಲಭವಾಗಿ ದೊರೆಯುತ್ತಿದ್ದ ಘಟಕವೇ ಆಡಳಿತದ ಘಟಕವೂ ಆಯಿತು.

2 ಮೆಗಾಬಿಟ್ ಮಾರ್ಗದಲ್ಲಿ ಒಂದು ಮೆಗಾಬೈಟ್ ದಾಖಲೆ ಸಾಗಲು, ಬೇರಾರೂ ಬಳಸದಿದ್ದರೆ, ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅದೇ ಮಾರ್ಗವನ್ನು ಹತ್ತು ಕೌಂಟರುಗಳು ಏಕಕಾಲಕ್ಕೆ ಬಳಸಿದಲ್ಲಿ ನಲವತ್ತು ಸೆಕೆಂಡಿಗೂ ಮೀರುತ್ತದೆ. ಪಹಣಿಯಂತಹ ಅಕ್ಷರರೂಪದ ಮಾಹಿತಿಗೆ ಇದು ಸಾಕಾಗಿತ್ತು. ಭಾವಚಿತ್ರ, ಬೆರಳಚ್ಚು, ಸ್ಕ್ಯಾನ್ ಮಾಡಿದ ದಾಖಲೆಗಳು ಅರ್ಜಿಯ ಭಾಗವಾದ ನಂತರ ಸಾಲದಾಯಿತು.

ಈಥರ್ನೆಟ್ ಅನ್ನು ಎಸ್.ಡಿ.ಎಚ್. ಮೇಲೆ ಸಾಗಿಸುವಾಗ ಮೊದಲಿಗೆ ಬಹಳಷ್ಟು ಸಾಮರ್ಥ್ಯ ವ್ಯರ್ಥವಾಗುತ್ತಿತ್ತು. ಒಂದು ಗಿಗಾಬಿಟ್ ಈಥರ್ನೆಟ್ ಅನ್ನು ಸಾಗಿಸಲು ದೊರೆಯುತ್ತಿದ್ದ ಪಾತ್ರೆಗಳಲ್ಲಿ ಚಿಕ್ಕದು ಸಾಲದು. ಮುಂದಿನದು ಸುಮಾರು 2.4 ಗಿಗಾಬಿಟ್‌ನದು. ಹೀಗಾಗಿ ಶೇ. 42ರಷ್ಟು ಮಾತ್ರ ಬಳಕೆಯಾಗಿ ಉಳಿದದ್ದು ಖಾಲಿ ಹೋಗುತ್ತಿತ್ತು. ಸಣ್ಣ ಪಾತ್ರೆಗಳನ್ನು ಬೇಕಾದಷ್ಟೇ ಸಂಖ್ಯೆಯಲ್ಲಿ ಜೋಡಿಸಿ ಒಂದೆಂದು ಪರಿಗಣಿಸುವ ವಿಧಾನ ಬಂದ ಬಳಿಕ, ಸುಮಾರು 150 ಮೆಗಾಬಿಟ್‌ನ ಏಳು ಪಾತ್ರೆಗಳು ಸಾಕಾಗಿ ಬಳಕೆ ಶೇ. 95ಕ್ಕೆ ಏರಿತು. ಈ ಜೋಡಣೆಗೆ ಪೂರಕವಾದ ಅಂತಾರಾಷ್ಟ್ರೀಯ ಮಾನದಂಡಗಳು 2001ರಲ್ಲಿ ಸಿದ್ಧವಾದವು.

ಎಸ್.ಡಿ.ಎಚ್. ಪದ್ಧತಿಯನ್ನು ಹಳೆಯದೆಂದು ಕಡೆಗಣಿಸುವವರು ಅದು ಕಲಿಸಿದ ಒಂದು ಶಿಸ್ತನ್ನು ಮರೆಯಬಾರದು. ವರ್ತುಲದ ಒಂದು ಬದಿಯಲ್ಲಿ ಕೇಬಲ್ ತುಂಡಾದರೆ 50 ಮಿಲಿಸೆಕೆಂಡಿನೊಳಗೆ ದಟ್ಟಣೆಯನ್ನು ಇನ್ನೊಂದು ಬದಿಗೆ ಹೊರಳಿಸುವ ರೂಢಿ ಅದರದು. ನಂತರ ಬಂದ ಪ್ರತಿಯೊಂದು ತಂತ್ರಜ್ಞಾನವನ್ನೂ ಈ 50 ಮಿಲಿಸೆಕೆಂಡಿನ ಅಳತೆಗೋಲಿನಿಂದಲೇ ಅಳೆಯಲಾಗಿದೆ.

ಸರಳ ಈಥರ್ನೆಟ್: ಅಗ್ಗ, ಆದರೆ ಎಚ್ಚರ

ನಡುವಿನ ಪಾತ್ರೆಗಳೇ ಬೇಡ, ಈಥರ್ನೆಟ್ ಸ್ವಿಚ್‌ಗಳನ್ನೇ ತಂತುವಿನ ಮೂಲಕ ನೇರವಾಗಿ ಜೋಡಿಸಿದರಾಗದೇ ಎಂಬುದು ಮುಂದಿನ ವಾದ. ವೆಚ್ಚದ ದೃಷ್ಟಿಯಿಂದ ಇದು ಆಕರ್ಷಕ. ತೊಂದರೆಯೆಂದರೆ, ಈಥರ್ನೆಟ್ ವರ್ತುಲವನ್ನು ಸಹಿಸುವುದಿಲ್ಲ. ಎಲ್ಲರಿಗೂ ಎಂದು ಹೊರಟ ಕಂತೆಯು ವರ್ತುಲದಲ್ಲಿ ಸುತ್ತುತ್ತಲೇ ಉಳಿದು, ಮರಿಮಾಡುತ್ತ, ಕ್ಷಣಾರ್ಧದಲ್ಲಿ ಇಡೀ ಜಾಲವನ್ನು ಉಸಿರುಗಟ್ಟಿಸುತ್ತದೆ. ಇದನ್ನು ತಡೆಯಲು ಒಂದು ಕೊಂಡಿಯನ್ನು ಬೇಕೆಂದೇ ಮುಚ್ಚಿಟ್ಟು, ಬೇರೊಂದು ಕಡಿದಾಗ ತೆರೆಯುವ ಪದ್ಧತಿಯಿದೆ. ಅದರ ಮೊದಲ ರೂಪದಲ್ಲಿ ಹೊಸ ಮಾರ್ಗ ತೆರೆಯಲು 30ರಿಂದ 50 ಸೆಕೆಂಡು ಹಿಡಿಯುತ್ತಿತ್ತು. ಸುಧಾರಿತ ರೂಪಗಳಲ್ಲಿ ಈ ಅವಧಿ ಕಡಿಮೆಯಾಗಿ, 2008ರಲ್ಲಿ ಬಂದ ಜಿ.8032 ಮಾನದಂಡದೊಂದಿಗೆ 50 ಮಿಲಿಸೆಕೆಂಡಿನ ಗುರಿಯನ್ನು ಈಥರ್ನೆಟ್ ವರ್ತುಲವೂ ತಲುಪಿತು.

ಇನ್ನೊಂದು ಮಿತಿ ಸಂಖ್ಯೆಯದು. ಕಂದಾಯ, ಪೊಲೀಸ್, ಖಜಾನೆ, ಆರೋಗ್ಯ ಇಲಾಖೆಗಳ ಮಾಹಿತಿ ಒಂದೇ ತಂತುವಿನಲ್ಲಿ ಸಾಗಿದರೂ ಬೆರೆಯದಂತೆ ಪ್ರತ್ಯೇಕ ಗುರುತು ಹಾಕಲಾಗುತ್ತದೆ. ಈಥರ್ನೆಟ್ ಗುರುತು 12 ಬಿಟ್‌ಗಳದ್ದಾದ್ದರಿಂದ ಬಳಸಬಹುದಾದ ಗುರುತುಗಳು 4,094 ಮಾತ್ರ. ಒಂದು ಕಚೇರಿಗೆ ಇದು ಧಾರಾಳ, ರಾಜ್ಯದ ಜಾಲಕ್ಕೆ ಸಾಲದು. ಗುರುತಿನ ಮೇಲೆ ಇನ್ನೊಂದು ಗುರುತು ಹಾಕುವ ವಿಧಾನವನ್ನು 2005ರಲ್ಲಿಯೂ, ಇಡೀ ಕಂತೆಯನ್ನು ಮತ್ತೊಂದು ಕಂತೆಯೊಳಗಿಟ್ಟು ಕಳುಹಿಸುವ ವಿಧಾನವನ್ನು 2008ರಲ್ಲಿಯೂ ಮಾನದಂಡವಾಗಿ ಅಂಗೀಕರಿಸಲಾಯಿತು.

ಬೆನ್ನೆಲುಬು ಜಾಲದ ಓ.ಟಿ.ಎನ್.

ಜಿಲ್ಲಾ ಕೇಂದ್ರಗಳ ನಡುವೆ ಹಾಗೂ ಬೆಂಗಳೂರಿನತ್ತ ಸಾಗುವ ಹೆದ್ದಾರಿಗಳ ವಿಷಯ ಬೇರೆ. ಅಲ್ಲಿ ಒಂದೇ ತಂತುವಿನಲ್ಲಿ ಹತ್ತಾರು ಬಣ್ಣದ ಬೆಳಕುಗಳನ್ನು ಏಕಕಾಲಕ್ಕೆ ಹಾಯಿಸಿ, ಒಂದೊಂದರ ಮೇಲೂ 10 ಅಥವಾ 100 ಗಿಗಾಬಿಟ್ ಸಾಗಿಸಲಾಗುತ್ತದೆ. ಇದಕ್ಕಾಗಿ 2001ರಲ್ಲಿ ಬಂದ ಜಿ.709 ಮಾನದಂಡದ ಓ.ಟಿ.ಎನ್. ಪದ್ಧತಿಯಲ್ಲಿ, ದಾರಿಯಲ್ಲಾದ ಸಣ್ಣಪುಟ್ಟ ದೋಷಗಳನ್ನು ತಲುಪಿದ ತುದಿಯಲ್ಲಿಯೇ ಲೆಕ್ಕ ಹಾಕಿ ಸರಿಪಡಿಸುವ ವ್ಯವಸ್ಥೆಯಿದೆ. ಗಿಗಾಬಿಟ್ ಈಥರ್ನೆಟ್‌ಗೆ ಹೇಳಿ ಮಾಡಿಸಿದ 1.25 ಗಿಗಾಬಿಟ್‌ನ ಪಾತ್ರೆಯು ಅದರಲ್ಲಿ 2009ರಲ್ಲಿ ಸೇರ್ಪಡೆಯಾಯಿತು. ಪಂಚಾಯಿತಿಯ ಹಂತದಲ್ಲಿ ಇಷ್ಟು ದೊಡ್ಡ ಯಂತ್ರದ ಅಗತ್ಯವಿಲ್ಲ.

ಕವಲು ಮಾದರಿ: ಭಾರತ್‌ನೆಟ್ ಮೊದಲ ಹಂತ

ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಅಕ್ಟೋಬರ್ 2011ರಲ್ಲಿ ಅನುಮೋದನೆ ದೊರೆತು, 2012ರಲ್ಲಿ ಭಾರತ್ ಬ್ರಾಡ್‌ಬ್ಯಾಂಡ್ ನಿಗಮ ಸ್ಥಾಪನೆಯಾಯಿತು. ತಾಲ್ಲೂಕಿನವರೆಗೆ ಸಾರ್ವಜನಿಕ ವಲಯದ ಸಂಸ್ಥೆಗಳು ಹಾಕಿದ್ದ ತಂತುಗಳನ್ನು ಬಳಸಿಕೊಂಡು, ಅಲ್ಲಿಂದ ಪಂಚಾಯಿತಿಯವರೆಗೆ ಮಾತ್ರ ಹೊಸ ಕೇಬಲ್ ಹಾಕುವುದು, ಪಂಚಾಯಿತಿಯೊಂದಕ್ಕೆ 100 ಮೆಗಾಬಿಟ್ ಸಾಮರ್ಥ್ಯ ನೀಡುವುದು ಯೋಜನೆಯ ಸಾರ. ಡಿಸೆಂಬರ್ 2017ರ ವೇಳೆಗೆ ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಪೂರ್ಣಗೊಂಡಿತೆಂದು ಘೋಷಿಸಲಾಯಿತು.

ಇಲ್ಲಿ ಅಳವಡಿಸಿದ್ದು ಜಿಪಾನ್ ತಂತ್ರಜ್ಞಾನ. ತಾಲ್ಲೂಕು ಕೇಂದ್ರದ ಒಂದು ಉಪಕರಣದಿಂದ ಹೊರಟ ಒಂದು ತಂತುವನ್ನು ದಾರಿಯಲ್ಲಿ ಗಾಜಿನ ಕವಲುಪೆಟ್ಟಿಗೆಯಿಂದ ಒಡೆದು ಹಲವು ಪಂಚಾಯಿತಿಗಳಿಗೆ ಹಂಚಲಾಗುತ್ತದೆ. ಕೆಳಮುಖವಾಗಿ 2.488 ಗಿಗಾಬಿಟ್, ಮೇಲ್ಮುಖವಾಗಿ 1.244 ಗಿಗಾಬಿಟ್ ಸಾಮರ್ಥ್ಯವನ್ನು ಆ ತಂತುವಿನ ಎಲ್ಲ ಪಂಚಾಯಿತಿಗಳೂ ಹಂಚಿಕೊಳ್ಳುತ್ತವೆ. ಉದಾಹರಣೆಗೆ ಎಂಟು ಪಂಚಾಯಿತಿಗಳಿದ್ದಲ್ಲಿ, ಅರ್ಜಿದಾರರ ದಾಖಲೆಗಳು ಏರಿಹೋಗುವ ಮೇಲ್ಮುಖ ಮಾರ್ಗದಲ್ಲಿ ತಲಾ ಸುಮಾರು 155 ಮೆಗಾಬಿಟ್ ಪಾಲಿಗೆ ಬರುತ್ತದೆ. ಹಿಂದಿನ 2 ಮೆಗಾಬಿಟ್‌ಗೆ ಹೋಲಿಸಿದಲ್ಲಿ ಇದೇನೂ ಕಡಿಮೆಯಲ್ಲ. ಸಾಮರ್ಥ್ಯದ ಕೊರತೆಯಿಂದ ಮೊದಲ ಹಂತದ ಜಾಲ ಸೊರಗಿತು ಎನ್ನಲು ಆಧಾರವಿಲ್ಲ.

ಕವಲುಪೆಟ್ಟಿಗೆಗೆ ವಿದ್ಯುತ್ ಬೇಡವೆಂಬುದು ಈ ಮಾದರಿಯ ದೊಡ್ಡ ಗುಣ. ಹಾದಿಯಲ್ಲಿರುವ ಒಂದು ಪಂಚಾಯಿತಿಯಲ್ಲಿ ಕರೆಂಟು ಹೋದರೂ ಮುಂದಿನ ಪಂಚಾಯಿತಿಗೆ ಬೆಳಕು ತಲುಪುತ್ತಲೇ ಇರುತ್ತದೆ. ಆದರೆ ಮಾರ್ಗ ಒಂದೇ. ರಸ್ತೆ ಅಗಲೀಕರಣಕ್ಕೆ ಬಂದ ಜೆಸಿಬಿ, ಕುಡಿಯುವ ನೀರಿನ ಕೊಳವೆಗಾಗಿ ತೋಡಿದ ಗುಂಡಿ, ಮಲೆನಾಡಿನ ಮಳೆಗೆ ಕುಸಿದ ದರೆ, ಇವುಗಳಲ್ಲಿ ಯಾವುದಾದರೂ ಒಂದು ಕಡೆ ಕೇಬಲನ್ನು ತುಂಡರಿಸಿದರೆ ಅದರಾಚೆಯ ಎಲ್ಲ ಪಂಚಾಯಿತಿಗಳೂ ಒಮ್ಮೆಲೇ ಮೌನವಾಗುತ್ತವೆ. ಕೇಬಲ್ ಹಾಕಿದವರೊಬ್ಬರು, ರಸ್ತೆ ಅಗೆಯುವವರು ಇನ್ನೊಬ್ಬರು, ದುರಸ್ತಿ ಮಾಡಬೇಕಾದವರು ಮತ್ತೊಬ್ಬರು ಆದಾಗ ಮೌನದ ಅವಧಿ ಲಂಬಿಸುತ್ತದೆ. 2015ರಲ್ಲಿಯೇ ಯೋಜನೆಯನ್ನು ಪರಿಶೀಲಿಸಿದ ತಜ್ಞರ ಸಮಿತಿಯು ವರ್ತುಲ ಮಾದರಿಯನ್ನು ಶಿಫಾರಸು ಮಾಡಿತ್ತು.

ವರ್ತುಲದ ಲೆಕ್ಕ

ಎರಡು ಮಾದರಿಗಳ ನಡುವಿನ ಅಂತರವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ತಾಲ್ಲೂಕು ಕೇಂದ್ರದಿಂದ ಐದು ಪಂಚಾಯಿತಿಗಳು ಒಂದರ ಮುಂದೊಂದು ಸಾಲಾಗಿವೆ ಎಂದೂ, ಒಂದರಿಂದ ಇನ್ನೊಂದರ ನಡುವಿನ ಕೇಬಲ್ ಭಾಗವು ವರ್ಷಕ್ಕೆ ಒಟ್ಟು 48 ಗಂಟೆ ಕೆಟ್ಟಿರುತ್ತದೆ ಎಂದೂ ಇಟ್ಟುಕೊಳ್ಳೋಣ. ಕೊನೆಯ ಪಂಚಾಯಿತಿಗೆ ಸಂಪರ್ಕವಿರಬೇಕಾದರೆ ಐದೂ ಭಾಗಗಳು ಸರಿಯಿರಬೇಕು. ಲೆಕ್ಕ ಹಾಕಿದಲ್ಲಿ ಅದು ವರ್ಷಕ್ಕೆ ಸುಮಾರು 237 ಗಂಟೆ, ಅಂದರೆ ಹತ್ತು ದಿನಗಳಿಗೆ ತುಸು ಕಡಿಮೆ ಅವಧಿ, ಸಂಪರ್ಕರಹಿತವಾಗಿರುತ್ತದೆ. ಮೊದಲ ಪಂಚಾಯಿತಿಗೆ 48 ಗಂಟೆ ಮಾತ್ರ. ತಾಲ್ಲೂಕಿನಿಂದ ದೂರವಿದ್ದಷ್ಟೂ ತೊಂದರೆ ಹೆಚ್ಚು. ತಾಲ್ಲೂಕು ಕಚೇರಿಗೆ ಹೋಗಿಬರುವ ಖರ್ಚು ಹೆಚ್ಚಿರುವುದೂ ಅವರಿಗೇ ಎಂಬುದು ಗಮನಾರ್ಹ.

ಈಗ ಐದನೆಯ ಪಂಚಾಯಿತಿಯಿಂದ ತಾಲ್ಲೂಕು ಕೇಂದ್ರಕ್ಕೆ ಬೇರೆ ದಾರಿಯಲ್ಲಿ ಆರನೆಯ ಕೇಬಲ್ ಭಾಗವನ್ನು ಹಾಕಿ ವರ್ತುಲವನ್ನು ಮುಚ್ಚಿದರೆ, ಯಾವುದೇ ಪಂಚಾಯಿತಿ ಸಂಪರ್ಕ ಕಳೆದುಕೊಳ್ಳಬೇಕಾದರೆ ಅದರ ಎರಡೂ ಬದಿಗಳಲ್ಲಿ ಏಕಕಾಲಕ್ಕೆ ಕೇಬಲ್ ಕಡಿದಿರಬೇಕು. ಮಧ್ಯದ ಪಂಚಾಯಿತಿಗೂ ಅಂತಹ ಅವಧಿ ವರ್ಷಕ್ಕೆ ಸುಮಾರು 2 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಒಂದೇ ಒಂದು ಹೆಚ್ಚುವರಿ ಭಾಗದಿಂದ ದೊರೆಯುವ ಲಾಭವಿದು.

ಕಾಗದದ ಮೇಲಿನ ಈ ಲಾಭ ನೆಲದ ಮೇಲೆ ದೊರೆಯಲು ಕೆಲವು ಷರತ್ತುಗಳಿವೆ. ಮೊದಲನೆಯದಾಗಿ, ಹೋಗುವ ಮತ್ತು ಬರುವ ಕೇಬಲ್‌ಗಳು ನಿಜವಾಗಿಯೂ ಬೇರೆ ಬೇರೆ ದಾರಿಯಲ್ಲಿರಬೇಕು. ಒಂದೇ ಕಾಲುವೆಯಲ್ಲಿ ಎರಡನ್ನೂ ಹೂತು ನಕ್ಷೆಯಲ್ಲಿ ವರ್ತುಲವೆಂದು ತೋರಿಸಿದಲ್ಲಿ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಒಂದೇ ಸೇತುವೆ, ಒಂದೇ ಘಾಟಿ ರಸ್ತೆ ಇರುವ ಪ್ರದೇಶಗಳಲ್ಲಿ ಇದನ್ನು ತಪ್ಪಿಸುವುದು ಸುಲಭವಲ್ಲ. ಪಕ್ಕದ ತಾಲ್ಲೂಕಿನ ಕಡೆಗೆ ವರ್ತುಲವನ್ನು ಹಿಗ್ಗಿಸಬೇಕಾಗುತ್ತದೆ.

ಎರಡನೆಯದು ಅಷ್ಟಾಗಿ ಚರ್ಚೆಗೆ ಬಾರದ ವಿಷಯ. ವರ್ತುಲವು ದೋಷವನ್ನು ಮರೆಮಾಡುತ್ತದೆ. ಸಾಲು ಮಾದರಿಯಲ್ಲಿ ಕೇಬಲ್ ಕಡಿದ ಕೂಡಲೇ ದೂರು ಬರುತ್ತದೆ. ವರ್ತುಲದಲ್ಲಿ ಮೊದಲ ಕಡಿತವಾದಾಗ ಯಾರಿಗೂ ತೊಂದರೆಯಾಗುವುದಿಲ್ಲ, ಯಾರೂ ದೂರುವುದಿಲ್ಲ, ದುರಸ್ತಿ ಮುಂದೂಡಲ್ಪಡುತ್ತದೆ. ಆ ಕ್ಷಣದಿಂದ ಆ ಜಾಲ ವರ್ತುಲವಲ್ಲ, ಎರಡು ಸಾಲುಗಳಷ್ಟೇ. ಮೇಲಿನ ಲೆಕ್ಕದಲ್ಲಿ 48 ಗಂಟೆ ಎಂದಿರುವುದು ಮೂವತ್ತು ದಿನವಾದರೆ ಲಾಭವೆಲ್ಲ ಕರಗುತ್ತದೆ. ಆದ್ದರಿಂದಲೇ ಪರಿಷ್ಕೃತ ಕಾರ್ಯಕ್ರಮದಲ್ಲಿ ದೂರದಿಂದಲೇ ತಂತುಗಳ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ಸೇರಿಸಿರುವುದು ಕೇಬಲ್‌ನಷ್ಟೇ ಮುಖ್ಯ. ಈ ವ್ಯವಸ್ಥೆಯು ತಂತುವಿನೊಳಗೆ ಬೆಳಕಿನ ಮಿಡಿತವೊಂದನ್ನು ಕಳುಹಿಸಿ, ಅದು ಪ್ರತಿಫಲಿಸಿ ಮರಳಲು ಹಿಡಿದ ಸಮಯದಿಂದ ಎಷ್ಟು ದೂರದಲ್ಲಿ ಕಡಿದಿದೆ ಎಂಬುದನ್ನು ಪತ್ತೆ ಹಚ್ಚುತ್ತದೆ. ಗುಂಡಿ ತೋಡಬೇಕಾದ ಜಾಗ ಯಾವುದೆಂದು ಹುಡುಕುತ್ತ ಹತ್ತು ಕಿ.ಮೀ. ನಡೆಯುವ ಪ್ರಮೇಯ ಇದರಿಂದ ತಪ್ಪುತ್ತದೆ. ಕಡಿತವನ್ನೇ ತಡೆಯುವ ಉದ್ದೇಶದಿಂದ, ಅಗೆಯುವ ಮುನ್ನ ಭೂಗತ ಸೌಲಭ್ಯಗಳ ಮಾಲೀಕ ಸಂಸ್ಥೆಗಳಿಗೆ ಸೂಚನೆ ನೀಡುವ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ತಂತ್ರಾಂಶವನ್ನು ಮಾರ್ಚ್ 2023ರಲ್ಲಿ ಬಿಡುಗಡೆ ಮಾಡಲಾಗಿದೆ.

ಚೀಟಿ ಅಂಟಿಸಿ ಕಳುಹಿಸುವ ಪದ್ಧತಿ: ಐ.ಪಿ.-ಎಂ.ಪಿ.ಎಲ್.ಎಸ್.

ಪರಿಷ್ಕೃತ ಕಾರ್ಯಕ್ರಮದಲ್ಲಿ ತಾಲ್ಲೂಕು ಮತ್ತು ಪಂಚಾಯಿತಿಗಳೆರಡರಲ್ಲಿಯೂ ರೂಟರ್‌ಗಳನ್ನಿಟ್ಟು ಐ.ಪಿ.-ಎಂ.ಪಿ.ಎಲ್.ಎಸ್. ಜಾಲ ನಿರ್ಮಿಸಲಾಗುತ್ತದೆ. ಇದರಲ್ಲಿ ಪ್ರತಿ ಕಂತೆಗೂ ಒಂದು ಚಿಕ್ಕ ಚೀಟಿಯನ್ನು ಅಂಟಿಸಲಾಗುತ್ತದೆ. ನಡುವಿನ ರೂಟರ್‌ಗಳು ಪೂರ್ಣ ವಿಳಾಸವನ್ನು ಓದದೆ ಚೀಟಿಯನ್ನಷ್ಟೇ ನೋಡಿ, ಹೊಸ ಚೀಟಿ ಹಾಕಿ ಮುಂದಕ್ಕೆ ಕಳುಹಿಸುತ್ತವೆ. ಚೀಟಿಯ ಸಂಖ್ಯೆ 20 ಬಿಟ್‌ಗಳದ್ದಾದ್ದರಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಗುರುತುಗಳು ಸಾಧ್ಯ. ಈಥರ್ನೆಟ್‌ನ 4,094ರ ಮಿತಿ ಇಲ್ಲಿಲ್ಲ. ಊರೂರಿನ ಕಚೇರಿಗಳ ಈಥರ್ನೆಟ್ ಜಾಲಗಳನ್ನು ಒಂದೇ ಕಟ್ಟಡದಲ್ಲಿರುವಂತೆ ಜೋಡಿಸುವ ವಿಧಾನಕ್ಕೆ 2007ರಲ್ಲಿ ಮಾನದಂಡಗಳು ಪ್ರಕಟವಾದವು. ಕಡಿತವಾದಾಗ ಬಳಸಬೇಕಾದ ಬದಲಿ ಮಾರ್ಗವನ್ನು ಮೊದಲೇ ಲೆಕ್ಕ ಹಾಕಿ ಸಿದ್ಧವಿಟ್ಟುಕೊಳ್ಳುವುದರಿಂದ 50 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಹೊರಳುವುದು ಇಲ್ಲಿಯೂ ಸಾಧ್ಯ.

ಅರ್ಜಿದಾರರಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಅಂಶವೆಂದರೆ ಆದ್ಯತೆ. ಭಾರತ್‌ನೆಟ್ ತಂತುಗಳ ಮೂಲಕವೇ ಗ್ರಾಮಗಳ ಮನೆಗಳಿಗೂ ಅಂತರಜಾಲ ಸಂಪರ್ಕ ನೀಡಲಾಗುತ್ತಿದೆ. ಮನೆಯೊಂದರಲ್ಲಿ ಕ್ರಿಕೆಟ್ ಪಂದ್ಯ ನೋಡುವವರ ದಟ್ಟಣೆಯೂ ಕೌಂಟರಿನಲ್ಲಿ ಬೆರಳಚ್ಚು ದೃಢೀಕರಣಕ್ಕಾಗಿ ಕಾದಿರುವ ವೃದ್ಧರ ಮಾಹಿತಿಯೂ ಒಂದೇ ರೂಟರ್‌ನಲ್ಲಿ ಸರದಿ ನಿಲ್ಲುತ್ತವೆ. ಚೀಟಿಯಲ್ಲಿ ಆದ್ಯತೆಗೆಂದೇ ಮೂರು ಬಿಟ್‌ಗಳಿದ್ದು ಎಂಟು ದರ್ಜೆಗಳನ್ನು ಗುರುತಿಸಬಹುದಾಗಿದೆ. ಈ ದರ್ಜೆಗಳನ್ನು ಸರಿಯಾಗಿ ನಿಗದಿಪಡಿಸಿದಲ್ಲಿ ಎರಡನೆಯದು ಮೊದಲು ಹೋಗುತ್ತದೆ. ನಿಗದಿಪಡಿಸದಿದ್ದಲ್ಲಿ ಎಷ್ಟೇ ದುಬಾರಿ ರೂಟರ್ ಇದ್ದರೂ ಇಲ್ಲ. ಯಂತ್ರ ಖರೀದಿಗಿಂತ ಅದನ್ನು ನಡೆಸುವ ಸಿಬ್ಬಂದಿಯ ತರಬೇತಿ ಕಠಿಣವೆಂಬುದು ಎಂ.ಪಿ.ಎಲ್.ಎಸ್. ಕುರಿತು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಅದರಲ್ಲಿ ಹುರುಳಿದೆ.

ಇದಕ್ಕಿಂತಲೂ ಗಂಭೀರವಾದ ಪ್ರಶ್ನೆ ವಿದ್ಯುತ್ತಿನದು. ಹಿಂದಿನ ಕವಲುಪೆಟ್ಟಿಗೆಗೆ ಕರೆಂಟು ಬೇಡವಾಗಿತ್ತು. ಹೊಸ ವರ್ತುಲದಲ್ಲಿ ಪ್ರತಿ ಪಂಚಾಯಿತಿಯ ರೂಟರ್ ಕೂಡ ಕೊಂಡಿಯ ಒಂದು ಉಂಗುರ. ಒಂದು ಪಂಚಾಯಿತಿಯಲ್ಲಿ ರೂಟರ್ ಆರಿಹೋದರೆ ಅಲ್ಲಿ ಕೇಬಲ್ ಕಡಿದಂತೆಯೇ ಸರಿ. ಎರಡು ಕಡೆ ಆರಿಹೋದರೆ ಅವುಗಳ ನಡುವಿನ ಎಲ್ಲ ಪಂಚಾಯಿತಿಗಳೂ, ತಮ್ಮಲ್ಲಿ ಕರೆಂಟು ಇದ್ದಾಗ್ಯೂ, ಸಂಪರ್ಕ ಕಳೆದುಕೊಳ್ಳುತ್ತವೆ. ಕೇಬಲ್ ಕಡಿತಗಳು ಅಲ್ಲೊಂದು ಇಲ್ಲೊಂದು ಆಗುವಂತಹವು. ವಿದ್ಯುತ್ ಕಡಿತ ಹಾಗಲ್ಲ; ಒಂದೇ ಫೀಡರ್‌ನ ಹಲವು ಊರುಗಳಲ್ಲಿ ಒಟ್ಟಿಗೇ ಆಗುತ್ತದೆ. ವರ್ತುಲದ ಲೆಕ್ಕವು ನಿಂತಿರುವುದೇ ಎರಡು ದೋಷಗಳು ಒಟ್ಟಿಗೆ ಬಾರವು ಎಂಬ ಊಹೆಯ ಮೇಲೆ. ಆ ಊಹೆಯನ್ನು ಫೀಡರ್ ಸುಳ್ಳು ಮಾಡುತ್ತದೆ. ಹಾಗಾಗಿ ಕಾರ್ಯಕ್ರಮದಲ್ಲಿ ಸೇರಿಸಲಾಗಿರುವ ಬದಲಿ ವಿದ್ಯುತ್ ವ್ಯವಸ್ಥೆಯನ್ನು ಪೂರಕ ಸಾಮಗ್ರಿ ಎಂದು ಭಾವಿಸುವಂತಿಲ್ಲ. ಬ್ಯಾಟರಿ ಸತ್ತ ಪಂಚಾಯಿತಿಗಳ ವರ್ತುಲಕ್ಕಿಂತ ಹಳೆಯ ಕವಲು ಮಾದರಿಯೇ ಮೇಲು. ಪಂಚಾಯಿತಿ ಕಚೇರಿಯ ಬ್ಯಾಟರಿಯು ಕಾಲಕಾಲಕ್ಕೆ ಬದಲಾಗುತ್ತದೆಯೇ, ಕಚೇರಿಗೆ ಬೀಗ ಹಾಕುವಾಗ ರೂಟರ್‌ನ ಸ್ವಿಚ್ಚನ್ನೂ ಆರಿಸಲಾಗುತ್ತದೆಯೇ ಎಂಬಂತಹ ಸಣ್ಣ ಸಂಗತಿಗಳು ಇನ್ನು ಮುಂದೆ ಆ ಪಂಚಾಯಿತಿಗಷ್ಟೇ ಅಲ್ಲ, ನೆರೆಯ ಪಂಚಾಯಿತಿಗಳ ಅರ್ಜಿದಾರರಿಗೂ ಸಂಬಂಧಿಸಿದವು.

ಹತ್ತು ವರ್ಷಗಳ ನಿರ್ವಹಣೆಯನ್ನು ಕಾರ್ಯಕ್ರಮದಲ್ಲಿಯೇ ಸೇರಿಸಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಭಾರತ್ ಬ್ರಾಡ್‌ಬ್ಯಾಂಡ್ ನಿಗಮವನ್ನು ಭಾರತ ಸಂಚಾರ ನಿಗಮದೊಂದಿಗೆ ವಿಲೀನಗೊಳಿಸಲು ಜುಲೈ 2022ರಲ್ಲಿ ಸಚಿವ ಸಂಪುಟ ಅನುಮೋದಿಸಿದ ನಂತರ, ತಾಲ್ಲೂಕಿನಿಂದ ಮೇಲಿನ ಮತ್ತು ಕೆಳಗಿನ ಜಾಲಗಳ ಹೊಣೆಯನ್ನು ಎರಡು ಸಂಸ್ಥೆಗಳು ಪರಸ್ಪರ ತೋರಿಸುವ ಸಂದರ್ಭವೂ ಕಡಿಮೆಯಾಗಬೇಕು.

ಅರ್ಜಿದಾರರ ಗಮನಕ್ಕೆ

ಕೌಂಟರಿನಲ್ಲಿ ಸೇವೆ ದೊರೆಯದಿದ್ದಾಗ ಕಾರಣವೇನೆಂದು ವಿಚಾರಿಸುವುದು ಅರ್ಜಿದಾರರಿಗೆ ಅನುಕೂಲಕರ. ಅದೇ ಗಣಕಯಂತ್ರದಲ್ಲಿ ಬೇರೆ ಜಾಲತಾಣಗಳು ತೆರೆಯುತ್ತಿದ್ದು ಸಂಬಂಧಪಟ್ಟ ಸೇವೆಯ ತಾಣ ಮಾತ್ರ ತೆರೆಯದಿದ್ದಲ್ಲಿ ತೊಂದರೆಯು ಆ ಸೇವೆಯ ಸರ್ವರ್‌ನಲ್ಲಿರುವ ಸಂಭವ ಹೆಚ್ಚು. ಬೇರೆ ಊರಿನ ಕೇಂದ್ರಕ್ಕೆ ಹೋಗುವುದರಿಂದ ಪ್ರಯೋಜನವಾಗದು. ಯಾವ ತಾಣವೂ ತೆರೆಯದಿದ್ದಲ್ಲಿ ಮಾರ್ಗವೇ ಕಡಿದಿರಬಹುದು. ಆಗ ಬೇರೆ ಮಾರ್ಗದ ಸಂಪರ್ಕವಿರುವ ಕೇಂದ್ರದಲ್ಲಿ, ಅಥವಾ ಸೇವಾ ಸಿಂಧು ತಾಣದಲ್ಲಿ ಲಭ್ಯವಿರುವ ಸೇವೆಯಾಗಿದ್ದರೆ ಮೊಬೈಲ್ ಅಂತರಜಾಲದ ಮೂಲಕ, ಅರ್ಜಿ ಸಲ್ಲಿಸಲು ಪ್ರಯತ್ನಿಸಬಹುದು. ವಿದ್ಯಾರ್ಥಿ ವೇತನ, ಕಾಲೇಜು ಪ್ರವೇಶ ಮುಂತಾದ ಕೊನೆಯ ದಿನಾಂಕವಿರುವ ಕೆಲಸಗಳಿಗೆ ಪ್ರಮಾಣ ಪತ್ರ ಬೇಕಾದವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಶುಲ್ಕ ಪಾವತಿಸುತ್ತಿರುವಾಗಲೇ ಸಂಪರ್ಕ ಕಡಿದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ದಾರಿಯಲ್ಲಿ ಕಳೆದುಹೋದ ಕಂತೆಗಳನ್ನು ಗಣಕಯಂತ್ರಗಳು ತಾವೇ ಮತ್ತೆ ಕಳುಹಿಸಿಕೊಳ್ಳುತ್ತವೆ. ಆದರೆ ಪಾವತಿಯು ಖಾತೆಯಿಂದ ಹೋಗಿ ಅರ್ಜಿಗೆ ಸೇರಿತೇ ಎಂಬುದನ್ನು ಸಂಪರ್ಕ ಮರಳಿದ ಬಳಿಕ ಅರ್ಜಿಯ ಸ್ಥಿತಿಯನ್ನು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಸಕಾಲ ವ್ಯಾಪ್ತಿಯ ಸೇವೆಯಾಗಿದ್ದಲ್ಲಿ ಜಿ.ಎಸ್.ಸಿ. ಸಂಖ್ಯೆಯಿರುವ ಸ್ವೀಕೃತಿಯನ್ನು ಪಡೆಯದೆ ಕೌಂಟರಿನಿಂದ ತೆರಳಬಾರದು. ಅರ್ಜಿಯ ಕಾಗದವನ್ನು ಇಟ್ಟುಕೊಂಡು ಸಂಪರ್ಕ ಬಂದ ನಂತರ ದಾಖಲಿಸುವುದಾಗಿ ತಿಳಿಸಿದಲ್ಲಿ, ಯಾವ ದಿನಾಂಕದಂದು ದಾಖಲಾಗಿದೆ ಎಂಬುದನ್ನು ಮರುದಿನವೇ ವಿಚಾರಿಸಿಕೊಳ್ಳತಕ್ಕದ್ದು, ಏಕೆಂದರೆ ನಿಗದಿತ ಅವಧಿಯನ್ನು ಎಣಿಸುವುದು ಆ ದಿನಾಂಕದಿಂದ.